ಉಪ್ಪು ಒಪ್ಪದ ಕೈ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಜೋಬಿಕ್ ಆಡಿದ್ದು ಒಂದು ತಮಾಷೆಯ ಮಾತು, ಅದೂ ಸೂಪು ಕುಡಿದು ಬಟ್ಟಲು ಒರೆಸುತ್ತಿದ್ದ ಹೊತ್ತಿನಲ್ಲಿ, ಸುತ್ತಲಿನ ನಾಲ್ಕು ಜನರನ್ನು ನಗಿಸುವುದಕ್ಕೆಂದು.

ಫ್ರಾನ್ಸಿನ ಷಾಂಪೇನ್ ಸೀಮೆಯ ಸುಣ್ಣದ ನೆಲ ಅದು. ಮಳೆ ಬಿದ್ದರೆ ಕಂದಕದ ಕೆಸರೆಲ್ಲ ಹಾಲಿನಂತೆ ಬೆಳ್ಳಗಾಗಿ ಸೈನಿಕರ ಮೈಗೆ, ಮೀಸೆಗೆ, ತಿನ್ನುವ ರೊಟ್ಟಿಗೆ ಅಂಟಿಕೊಳ್ಳುತ್ತಿತ್ತು. ಜರ್ಮನರೊಡನೆ ಯುದ್ಧ ಶುರುವಾದ ಮೇಲೆ ಬಂದ ಎರಡನೆಯ ಸೆಪ್ಟೆಂಬರ್ ತಿಂಗಳು ಅದು. ಮರುದಿನ ಬೆಳಗ್ಗೆ ದಾಳಿಯೆಂದು ಎಲ್ಲರಿಗೂ ಗೊತ್ತಿತ್ತು. ಫ್ರೆಂಚ್ ಫಿರಂಗಿಗಳು ಕೆಲವು ದಿನಗಳಿಂದ ಬಿಡುವಿಲ್ಲದೆ ಜರ್ಮನರ ಸಾಲುಗಳ ಮೇಲೆ ಗುಂಡು ಸುರಿಯುತ್ತಿದ್ದವು. ದೇಶದ ಪಶ್ಚಿಮ ತುದಿಯ ಬ್ರೆತಾನ್ಯ ಸೀಮೆಯಿಂದ ಬಂದ ರೈತರ ತುಕಡಿ ಹಿಂದಿನ ಕಂದಕದಲ್ಲಿ ಗೋಡೆಗೊರಗಿ ಕೂತಿತ್ತು. ಲೆಫ್ಟಿನೆಂಟ್ ದೊರ್ವಾಲ್ ಒಂದು ಮರದ ಪೆಟ್ಟಿಗೆ ಹೊರಿಸಿಕೊಂಡು ಬಂದು ಅದರ ಮುಚ್ಚಳ ತೆಗೆಸಿದ. ಒಳಗೆ ಚೂರಿಗಳಿದ್ದವು. ಅಡಿಗೆಮನೆಯ ಚೂರಿಗಳಂಥವೇ, ಮರದ ಹಿಡಿಯವು.

"ಕಂದಕ ಗುಡಿಸೋಕೆ ಆರು ಜನ ಬೇಕು," ಎಂದ ಲೆಫ್ಟಿನೆಂಟ್.

ಗುಡಿಸುವುದೆಂದರೆ ಏನೆಂದು ಹಳಬರಿಗೆ ತಿಳಿದಿತ್ತು. ಮೊದಲು ನುಗ್ಗುವವರು ಜರ್ಮನರ ಕಂದಕವನ್ನು ದಾಟಿ ಮುಂದಕ್ಕೆ ಓಡಬೇಕು, ನಿಲ್ಲಬಾರದು. ನೆಲಮಾಳಿಗೆಗಳಲ್ಲಿ ಅಡಗಿ ಉಳಿದ ಶತ್ರುಗಳು ಆಮೇಲೆ ಎದ್ದುಬಂದು ಬೆನ್ನಿಗೆ ಗುಂಡು ಹೊಡೆಯುತ್ತಾರೆ. ಅವರನ್ನು ಮುಗಿಸುವುದಕ್ಕೆ ಹಿಂದಿನಿಂದ ಬರುವವರೇ ಗುಡಿಸುವವರು. ಇಕ್ಕಟ್ಟಿನ ಮೆಟ್ಟಿಲಲ್ಲಿ ಬಂದೂಕು ತಿರುಗುವುದಿಲ್ಲ, ಚೂರಿ ತಿರುಗುತ್ತದೆ. ನಾಳೆ ಸೆರೆಯಾಳುಗಳನ್ನು ಹಿಡಿಯುವಂತಿಲ್ಲ ಎಂದೂ ಲೆಫ್ಟಿನೆಂಟ್ ಹೇಳಿದ; ಅವರನ್ನು ಹಿಂದಕ್ಕೆ ನಡೆಸಿಕೊಂಡು ಹೋಗುವುದಕ್ಕೆ ಜನರಿಲ್ಲ.

"ಚೂರಿ ಹಿಡಿದು ಅಭ್ಯಾಸ ಇರೋರು ಯಾರಿದೀರಿ?"

ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಆಗ ಜೋಬಿಕ್ ಬಟ್ಟಲು ಕೆಳಗಿಟ್ಟು ಪಕ್ಕದಲ್ಲಿದ್ದ ಗುಲ್ವೆನ್ನನ ಭುಜ ತಟ್ಟಿದ.

"ನಮ್ ಭಾವ ಇರೋವಾಗ ಉಳಿದೋರ್ನ ಯಾಕೆ ಕೇಳ್ತೀರಿ ಸಾಹೇಬ್ರೇ? ಇವನ ಕೈಲಿ ಸತ್ತ ಹಂದಿಗಳು ಸ್ವರ್ಗಕ್ಕೆ ಹೋಗಿ, ನಾವು ಸತ್ತಿದ್ದು ಯಾವಾಗ ಅಂತ ಅಲ್ಲಿ ವಿಚಾರಿಸ್ತವಂತೆ."

ಕಂದಕವೆಲ್ಲ ನಕ್ಕಿತು. ಲೆಫ್ಟಿನೆಂಟನೂ ನಕ್ಕ. ನಗು ನಿಂತಾಗ ಅವನ ಕಣ್ಣು ಗುಲ್ವೆನ್ನನ ಕೈಗಳ ಮೇಲಿತ್ತು. ಪೆಟ್ಟಿಗೆಯಿಂದ ಒಂದು ಚೂರಿ ತೆಗೆದು, ಹಿಡಿಯನ್ನು ಮುಂದೆ ಮಾಡಿ ಅವನಿಗೆ ನೀಡಿದ.

ಗುಲ್ವೆನ್, ಬ್ರೆತಾನ್ಯದ ಪ್ಲೂನೆವಾನ್ ಎಂಬ ಊರಿನಲ್ಲಿ ಹಂದಿ ಕೊಯ್ಯುವವನು. ಅವನಿಗೆ ಹೊಲವಿರಲಿಲ್ಲ, ದನವಿರಲಿಲ್ಲ. ಆದರೆ ಚಳಿಗಾಲ ಬಂತೆಂದರೆ ಸುತ್ತಲಿನ ಮನೆಗಳೆಲ್ಲ ಅವನವೇ. ವರ್ಷವಿಡೀ ಸಾಕಿದ ಹಂದಿಯನ್ನು ಕೊಯ್ಯುವ ದಿನ ಹೆಂಗಸರು ಬೆಳಕು ಹರಿಯುವ ಮುಂಚೆಯೇ ನೀರು ಕಾಯಿಸಿ ದಾರಿ ನೋಡುತ್ತಿದ್ದರು. ಅವನು ಬಂದು ಹಂದಿಯ ಕಿವಿಯ ಹಿಂದೆ ಮೆಲ್ಲಗೆ ತುರಿಸಿ, ಅದು ಕಣ್ಣು ಮುಚ್ಚಿ ಗುಟುರು ಹಾಕುವವರೆಗೆ ಏನಾದರೂ ಮಾತಾಡುತ್ತಾ ಇದ್ದು, ಆಮೇಲೆ ಚೂರಿ ಇಳಿಸುತ್ತಿದ್ದ. ಹೆದರಿದ ಹಂದಿಯ ಮಾಂಸ ಕೆಡುತ್ತದೆ ಎನ್ನುವುದು ಅವನ ಕಸುಬಿನ ಮೊದಲ ಪಾಠ. ಎರಡು ಹಂದಿಗಳಿದ್ದರೆ ಒಂದು ಸತ್ತದ್ದು ಇನ್ನೊಂದಕ್ಕೆ ಕೇಳಿಸಬಾರದು. ಕೊಯ್ದು, ಹಸನು ಮಾಡಿ, ತುಂಡುಗಳನ್ನು ಮರಿಗೆಯಲ್ಲಿ ಉಪ್ಪಿನೊಳಗೆ ಹೂತಿಟ್ಟ ಮೇಲೆ ಒಲೆಯ ಪಕ್ಕದ ಜಾಗ ಅವನದು, ಮೊದಲ ಬಟ್ಟಲು ಸೇಬಿನ ಹೆಂಡ ಅವನದು. ಪಾದ್ರಿ ಬಂದರೂ ಆ ದಿನ ಅವನ ಆಚೆಗೇ ಕೂರಬೇಕು.

ಆ ಊರಿನಲ್ಲಿ ಒಂದು ಕಟ್ಟುಪಾಡು ಇತ್ತು. ಮನುಷ್ಯರ ರಕ್ತ ಹರಿಸಿದ ಕೈ ಹಂದಿ ಕೊಯ್ಯಬಾರದು. ಕೊಯ್ದರೆ ಮಾಂಸ ಉಪ್ಪನ್ನು ಒಪ್ಪುವುದಿಲ್ಲ, ಮರಿಗೆಯಲ್ಲೇ ಹಸಿರುಗಟ್ಟಿ ನಾರುತ್ತದೆ, ಆ ಮನೆಯ ಮಕ್ಕಳು ಈಸ್ಟರಿನವರೆಗೆ ಬರಿಯ ಗಂಜಿ ಕುಡಿಯಬೇಕಾಗುತ್ತದೆ. ಇದನ್ನು ಯಾರು ಪರೀಕ್ಷೆ ಮಾಡಿ ನೋಡಿದ್ದರೋ ತಿಳಿಯದು. ಒಂದು ಮನೆಯ ಚಳಿಗಾಲವೆಲ್ಲ ಒಂದು ಮರಿಗೆಯಲ್ಲಿರುವಾಗ ಪರೀಕ್ಷೆ ಮಾಡುವವರು ಯಾರು?

ಗುಲ್ವೆನ್ನನಿಗೆ ಕಸುಬು ಕಲಿಸಿದವನು ಅವನ ಚಿಕ್ಕಪ್ಪ ಎರ್ವಾನ್. ಅವನು ದೂರದ ಏಷ್ಯಾದ ಟೊಂಕಿನ್ ದೇಶದ ಯುದ್ಧಕ್ಕೆ ಹೋಗಿ ಪದಕದೊಂದಿಗೆ ಹಿಂದಿರುಗಿದ. ಊರಿನವರು ಇಗರ್ಜಿಯ ಗಂಟೆ ಬಾರಿಸಿದರು, ಕುಡಿಸಿದರು, ಕೇಳಿ ಕೇಳಿ ಯುದ್ಧದ ಕಥೆ ಹೇಳಿಸಿಕೊಂಡರು. ಡಿಸೆಂಬರ್ ಬಂದಾಗ ಅವನ ಬಾಗಿಲಿಗೆ ಯಾರೂ ಬರಲಿಲ್ಲ. ಒಬ್ಬರೂ ಒಂದು ಕೆಟ್ಟ ಮಾತು ಆಡಲಿಲ್ಲ. ಇಗರ್ಜಿಯ ಭಾನುವಾರದ ಪೂಜೆಯಲ್ಲಿ ಪಕ್ಕದಲ್ಲೇ ಕೂತರು, ದಾರಿಯಲ್ಲಿ ಟೋಪಿ ತೆಗೆದರು, ಹಂದಿಗೆ ಮಾತ್ರ ಕರೆಯಲಿಲ್ಲ. ಎರ್ವಾನ್ ಹೊಸ್ತಿಲ ಮೇಲೆ ಕೂತು ಊರ ಹಂದಿಗಳ ಕೂಗು ಕೇಳುತ್ತಾ ಎರಡು ಚಳಿಗಾಲ ಕಳೆದು ತೀರಿಕೊಂಡ. ಏನು ಕಾಯಿಲೆಯೆಂದು ವೈದ್ಯನಿಗೂ ಗೊತ್ತಾಗಲಿಲ್ಲ.

ಆದ್ದರಿಂದ ಗುಲ್ವೆನ್ ಯುದ್ಧಕ್ಕೆ ಬಂದ ದಿನದಿಂದ ತನ್ನ ಕೈಯನ್ನು ಕಾಯ್ದುಕೊಂಡೇ ಬಂದಿದ್ದ. ಹಿಂದಿನ ಅಡಿಗೆ ಬಿಡಾರದಿಂದ ಕಂದಕಕ್ಕೆ ಸೂಪು ಹೊರುವ, ಯಾರೂ ಒಲ್ಲದ ಕೆಲಸವನ್ನು ಕೇಳಿ ಪಡೆದಿದ್ದ. ಆ ದಾರಿಯಲ್ಲಿ ಸಾಯುವವರು ಹೆಚ್ಚು, ಆದರೆ ಕೊಲ್ಲಬೇಕಾದ್ದಿಲ್ಲ. ಬಂದೂಕು ಹಾರಿಸಲೇಬೇಕಾಗಿ ಬಂದಾಗ ಕಣ್ಣುಮುಚ್ಚಿ ಮೋಡಗಳ ಕಡೆಗೆ ಹಾರಿಸಿದ್ದ. ಹೆಂಡತಿ ಸ್ವಾಜಿಗ್‌ಗೆ ಬರೆಸಿದ ಪ್ರತಿ ಕಾಗದದಲ್ಲೂ "ನನ್ನ ಕೈ ಚೆನ್ನಾಗಿದೆ" ಎಂದು ಬರೆಸುತ್ತಿದ್ದ. ಬರೆದುಕೊಡುವವರು ಅದೇನೋ ಹಳೆಯ ನೋವಿನ ವಿಚಾರವೆಂದುಕೊಂಡಿದ್ದರು.

ಚೂರಿ ಹಿಡಿದುಕೊಂಡೇ ಅವನು ಲೆಫ್ಟಿನೆಂಟನ ಹಿಂದೆ ಓಡಿದ.

"ಸಾಹೇಬ್ರೇ, ಇದೊಂದು ನನ್ನ ಕೈಲಾಗಲ್ಲ. ಬೇರೆ ಏನ್ ಬೇಕಾದ್ರೂ ಹೇಳಿ. ಮೊದಲನೇ ಸಾಲಲ್ಲೇ ಓಡ್ತೀನಿ. ತಂತಿ ಕತ್ತರಿಸೋಕೆ ಕಳಿಸಿ."

ದೊರ್ವಾಲ್ ಪ್ಯಾರಿಸಿನಲ್ಲಿ ವಕೀಲನಾಗಿದ್ದವನು, ಕೆಟ್ಟವನಲ್ಲ. ಮಾರ್ಚ್ ತಿಂಗಳ ದಾಳಿಯಲ್ಲಿ ಅವನ ತುಕಡಿಯ ಅರ್ಧ ಜನ ಬೆನ್ನಿಗೆ ಗುಂಡು ತಿಂದು ಸತ್ತಿದ್ದರು.

"ಹಂದಿ ಕೊಯ್ಯೋನಿಗೆ ರಕ್ತ ಅಂದ್ರೆ ಭಯವೇನಯ್ಯಾ?"

"ಮನುಷ್ಯರದು ಬೇರೆ, ಸಾಹೇಬ್ರೇ."

"ಬೇರೆ ಅಲ್ಲ. ನಾನು ನೋಡಿದೀನಿ." ಅವನು ತಗ್ಗಿದ ದನಿಯಲ್ಲಿ ಮುಂದುವರಿಸಿದ. "ಒಬ್ಬನನ್ನ ಜೀವಸಹಿತ ಬಿಟ್ಟು ಮೇಲೆ ಬಂದೆ ಅಂತ ಗೊತ್ತಾದ್ರೆ ನಿನ್ನ ನಾನೇ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಸ್ತೀನಿ. ಹೋಗು."

ಫಿರಂಗಿಗಳ ಹಿಂದೆ, ಚಾವಣಿ ಹಾರಿಹೋದ ಒಂದು ಕೊಟ್ಟಿಗೆಯಲ್ಲಿ ಪಾದ್ರಿ ಮೆವೆಲ್ ಪಾಪನಿವೇದನೆ ಕೇಳುತ್ತಿದ್ದ. ಸಾಲು ಉದ್ದವಿತ್ತು. ಗುಲ್ವೆನ್ನನ ಸರದಿ ಬಂದಾಗ ಅವನು ಮೊಣಕಾಲೂರಿ ಕೇಳಿದ.

"ಮಾಡೋಕೆ ಮುಂಚೇನೇ ಪಾಪ ಹೇಳ್ಕೋಬಹುದಾ ಸ್ವಾಮಿ?"

ವಿಷಯ ತಿಳಿದ ಮೇಲೆ ಪಾದ್ರಿ ತನ್ನ ಮಣ್ಣು ಮೆತ್ತಿದ ಕೈಯನ್ನು ಅವನ ತಲೆಯ ಮೇಲಿಟ್ಟ. "ಇದು ಪಾಪ ಅಲ್ಲ ಮಗನೇ. ಆಜ್ಞೆ. ನಿನ್ನ ತಲೆ ಮೇಲೆ ಬರಲ್ಲ."

"ತಲೆ ಮೇಲೆ ಬರದಿದ್ರೂ ಕೈ ಮೇಲೆ ಬರುತ್ತಲ್ಲ ಸ್ವಾಮಿ."

"ಅದು ಹೆಂಗಸರ ಮಾತು. ಉಪ್ಪಿಗೆ ಕಣ್ಣಿದೆಯಾ?"

"ನಮ್ ಚಿಕ್ಕಪ್ಪನ್ನ ಉಪ್ಪು ನೋಡ್ತು."

"ಉಪ್ಪು ನೋಡಲಿಲ್ಲ. ಜನ ನೋಡಿದ್ರು."

"ಜನ ನೋಡಿದ್ರೆ ಸಾಲದಾ? ದೇವರು ಕ್ಷಮಿಸ್ತಾನೆ, ಅದು ಅವನ ದೊಡ್ಡ ಮನಸ್ಸು. ಪ್ಲೂನೆವಾನ್ ಹೆಂಗಸರು ಮಕ್ಕಳಿಗೆ ಊಟಕ್ಕಿಡಬೇಕು. ಅವರು ಹೇಗೆ ಕ್ಷಮಿಸ್ತಾರೆ?"

ಪಾದ್ರಿಯೂ ಬ್ರೆತಾನ್ಯದವನೇ. ಅವನು ಶಿಲುಬೆಯ ಗುರುತು ಮಾಡಿ ಆಶೀರ್ವದಿಸಿ, ಹಿಂದಿನವನನ್ನು ಬರಹೇಳಿದ.

ಗುಲ್ವೆನ್ ಹಿಂದಿರುಗಿದಾಗ ಜೋಬಿಕ್ ಕಂದಕದ ತಿರುವಿನಲ್ಲಿ ಕಾಯುತ್ತಿದ್ದ. ಅವನು ಸ್ವಾಜಿಗ್‌ಳ ತಮ್ಮ, ಊರಿನಲ್ಲಿ ಕಾಲಿಗೆ ಹಾಕುವ ಮರದ ಮೆಟ್ಟು ಕೆತ್ತುವವನು. ಚಿಕ್ಕವನಿದ್ದಾಗಿನಿಂದ ಭಾವನ ಜೊತೆ ಮನೆಮನೆಗೆ ಹೋಗಿ, ಹಂದಿಯ ಕುತ್ತಿಗೆಯ ಕೆಳಗೆ ಬಾಣಲೆ ಹಿಡಿದು, ರಕ್ತ ಹೆಪ್ಪುಗಟ್ಟದಂತೆ ಕೈಯಿಂದ ಕಲಕುತ್ತಾ ಕೂರುತ್ತಿದ್ದವನು. ಅವನ ಮುಖ ಸುಣ್ಣದ ಗೋಡೆಯಂತಾಗಿತ್ತು.

"ಬೈದುಬಿಡು ಭಾವ."

"ಬೈದು ಏನಾಗ್ಬೇಕು."

"ನಾಲಗೆ ಅಲ್ಲ ಇದು, ಕತ್ತೆ ಬಾಲ. ಸುಮ್ನೆ ಅಲ್ಲಾಡುತ್ತೆ." ಅವನು ಸುತ್ತ ನೋಡಿ ಹತ್ತಿರ ಬಂದ. "ಕೇಳು. ನಾನೂ ಹೆಸರು ಕೊಟ್ಟು ಬಂದೆ. ನಾವಿಬ್ರೂ ಒಂದೇ ಜೊತೆ. ಕೆಳಗೆ ಇಳಿಯೋನು ನಾನು. ನೀನು ಮೆಟ್ಟಿಲ ಮೇಲೆ ನಿಂತಿರು. ಮೇಲೆ ಬಂದು ಇಬ್ರೂ ಮಾಡಿದ್ವಿ ಅಂತ ಹೇಳೋಣ. ಯಾರು ನೋಡ್ತಾರೆ?"

"ನಿನ್ ಕೈ?"

"ನನ್ ಕೈಗೇನು? ಮೆಟ್ಟಿಗೆ ಯಾರಾದ್ರೂ ಉಪ್ಪು ಹಾಕ್ತಾರಾ?"

ಗುಲ್ವೆನ್ ಆ ದಿನ ನಕ್ಕದ್ದು ಅದೊಂದೇ ಸಲ. ಅವನ ಕಣ್ಣಲ್ಲಿ ನೀರು ಬಂತು. ಅವನು ಭಾವಮೈದುನನ ಕುತ್ತಿಗೆಯ ಹಿಂದೆ ಕೈಹಾಕಿ ತನ್ನ ಹಣೆಗೆ ಅವನ ಹಣೆ ತಾಗಿಸಿಕೊಂಡ.

ಬೆಳಗ್ಗೆ ಮಳೆ ಹಿಡಿದಿತ್ತು. ಬ್ರಾಂದಿ ಹಂಚಿದರು. ಸೀಟಿ ಊದಿದಾಗ ಮೊದಲ ಸಾಲಿನವರು ಏಣಿ ಹತ್ತಿ ಮೇಲೆ ಹೋದರು, ಕೆಲವರು ಹತ್ತಿದಷ್ಟೇ ಬೇಗ ಹಿಂದಕ್ಕೆ ಬಿದ್ದರು. ಅವರ ಮೇಲೆ ಕಾಲಿಟ್ಟು ಎರಡನೆಯ ಸಾಲು ಹತ್ತಿತು. ಗುಡಿಸುವವರು ಅದರ ಹಿಂದೆ. ಗುಲ್ವೆನ್ ತಲೆತಗ್ಗಿಸಿ ಓಡಿದ. ಎದುರಿನ ಮುಳ್ಳುತಂತಿ ಕೆಲವೆಡೆ ಮಾತ್ರ ಹರಿದಿತ್ತು. ಹರಿದ ಕಡೆಗೆಲ್ಲ ಜನ ನುಗ್ಗುತ್ತಾರೆಂದು ತಿಳಿದ ಜರ್ಮನ್ ಮೆಷಿನ್ ಗನ್ ಅಲ್ಲಿಗೇ ಗುರಿಯಿಟ್ಟಿತ್ತು. ಆ ಕಂಡಿಗಳಲ್ಲಿ ಹೆಣಗಳು ಒಂದರ ಮೇಲೊಂದು ಬಿದ್ದು ಒಡ್ಡಿನಂತಾಗಿದ್ದವು. ಸತ್ತವರ ನಡುವೆ ಸಾಯದವರೂ ಇದ್ದರು, ಮೇಲೆ ಹತ್ತಿಹೋಗುವವರ ಕಾಲು ಹಿಡಿದುಕೊಳ್ಳುತ್ತಿದ್ದರು. ಗುಲ್ವೆನ್ನನ ಕಾಲನ್ನೂ ಒಂದು ಕೈ ಹಿಡಿಯಿತು. ಅವನು ಒದ್ದು ಬಿಡಿಸಿಕೊಂಡ.

ಮೆಷಿನ್ ಗನ್ ನಿಂತಿತು. ಯಾರೋ ಕೈಬಾಂಬು ಎಸೆದಿರಬೇಕು. ಜೋಬಿಕ್ ಮುಂದೆ, ಗುಲ್ವೆನ್ ಹಿಂದೆ ಜರ್ಮನರ ಕಂದಕಕ್ಕೆ ಹಾರಿದರು. ಜೋಬಿಕ್ ನೆಲ ಮುಟ್ಟಿದ್ದು ಒಂದೇ ಕಾಲಿನಲ್ಲಿ. ಗುಂಡು ಅವನ ತೊಡೆಯನ್ನು ಹಾದುಹೋಗಿತ್ತು. ಅವನು ಗೋಡೆಗೊರಗಿ ಜಾರಿ ಕೂತು ತನ್ನ ಕಾಲನ್ನು ಬೇರೆ ಯಾರದೋ ಕಾಲೆಂಬಂತೆ ನೋಡಿದ.

"ನೋವಿಲ್ಲ ಭಾವ," ಎಂದ. "ಬಿಸಿನೀರು ಸುರಿದ ಹಾಗಿದೆ."

ಗುಲ್ವೆನ್ ತನ್ನ ಸೊಂಟದ ಪಟ್ಟಿ ಬಿಚ್ಚಿ ತೊಡೆಗೆ ಸುತ್ತಿ ಎಳೆದ. ಆ ಹೊತ್ತಿಗೆ ಲೆಫ್ಟಿನೆಂಟ್ ತಿರುವು ದಾಟಿ ಬಂದ. ಅವನ ಟೋಪಿ ಹೋಗಿತ್ತು, ಒಂದು ಕಿವಿಯಿಂದ ರಕ್ತ ಇಳಿಯುತ್ತಿತ್ತು. ಜೋಬಿಕ್ ಕೂತಿದ್ದ ಜಾಗದ ಪಕ್ಕದಲ್ಲೇ ನೆಲದೊಳಕ್ಕೆ ಇಳಿಯುವ ಮರದ ಮೆಟ್ಟಿಲಿನ ಬಾಯಿತ್ತು.

"ಏಯ್ ಹಂದಿ ಕೊಯ್ಯೋನೇ, ಇಲ್ಲೇನು ಮಾಡ್ತಿದೀಯ? ಇಳಿ ಕೆಳಗೆ."

ಜೋಬಿಕ್ ಎದ್ದು ನಿಲ್ಲಲು ನೋಡಿ ಮತ್ತೆ ಕುಸಿದ. ಗುಲ್ವೆನ್ ಇಳಿದ.

ಮೆಟ್ಟಿಲು ಆಳಕ್ಕೆ ಹೋಗಿತ್ತು. ನಡುವೆ ಒಬ್ಬ ಜರ್ಮನ್ ತಲೆಕೆಳಗಾಗಿ ಸತ್ತುಬಿದ್ದಿದ್ದ. ಕೆಳಗೆ ಒಂದು ಮೋಂಬತ್ತಿ ಉರಿಯುತ್ತಿತ್ತು. ಹಲಗೆಯ ಮಂಚದ ಮೇಲೆ ಒಬ್ಬ ಮಲಗಿದ್ದ, ಹೊಟ್ಟೆಗೆ ಪೆಟ್ಟು. ಅವನ ಮೇಲೆ ಬಗ್ಗಿ ನರೆತ ಮೀಸೆಯ ಮುದುಕನೊಬ್ಬ ಬಟ್ಟೆ ಸುತ್ತುತ್ತಿದ್ದ. ಮೂರನೆಯವನು, ಕನ್ನಡಕದ ಉದ್ದನೆಯ ಆಳು, ಮೂಲೆಯಲ್ಲಿ ಎರಡೂ ಕೈ ಎತ್ತಿ ನಿಂತಿದ್ದ. ಬಂದೂಕುಗಳು ದೂರದ ಗೋಡೆಗೆ ಒರಗಿದ್ದವು. ಮುದುಕ ತಿರುಗಿ ಚೂರಿಯನ್ನು ನೋಡಿದ, ಆದರೂ ಸುತ್ತುವುದನ್ನು ನಿಲ್ಲಿಸಲಿಲ್ಲ. ಗಂಟು ಹಾಕಿ ಮುಗಿಸಿದ ಮೇಲೆಯೇ ಕೈ ಎತ್ತಿದ.

ಗುಲ್ವೆನ್ ಅಲ್ಲಿ ಎಷ್ಟು ಹೊತ್ತು ನಿಂತನೋ ಅವನಿಗೇ ಗೊತ್ತಿಲ್ಲ. ಕಡೆಗೆ ಅವನು ಬೆರಳನ್ನು ತುಟಿಯ ಮೇಲಿಟ್ಟು ತೋರಿಸಿದ. ಕೂತಿರಿ, ಸದ್ದು ಮಾಡಬೇಡಿ, ಮೇಲೆ ಬರಬೇಡಿ ಎಂದು ಕೈಸನ್ನೆ ಮಾಡಿದ. ಬಂದೂಕುಗಳ ಗುಂಡುಗಳನ್ನು ತೆಗೆದು ಕೆಸರಿನಲ್ಲಿ ತುಳಿದ. ಮುದುಕನಿಗೆ ಅರ್ಥವಾಯಿತು. ಅವನು ಮುಂದೆ ಬಂದು ಚೂರಿ ಹಿಡಿದಿದ್ದ ಆ ಕೈಯನ್ನೇ ಎರಡೂ ಕೈಗಳಲ್ಲಿ ತೆಗೆದುಕೊಂಡು ಮುತ್ತಿಟ್ಟ.

ಹತ್ತುವಾಗ ಗುಲ್ವೆನ್ ಮೆಟ್ಟಿಲ ಮೇಲಿದ್ದ ಹೆಣದ ಗಾಯದಲ್ಲಿ ಚೂರಿಯನ್ನು ಅದ್ದಿಕೊಂಡ. ಸತ್ತವನ ರಕ್ತಕ್ಕೆ ಲೆಕ್ಕವಿಲ್ಲ ಎಂದುಕೊಂಡ.

"ಎಷ್ಟು?" ಎಂದು ಕೇಳಿದ ಲೆಫ್ಟಿನೆಂಟ್.

"ಮೂರು."

ಲೆಫ್ಟಿನೆಂಟ್ ಚೂರಿಯನ್ನು ನೋಡಿ ಅವನ ಬೆನ್ನು ತಟ್ಟಿದ. ಜೋಬಿಕ್ ಭಾವನ ಮುಖ ನೋಡಿದವನು ತಟ್ಟನೆ ಬೇರೆಡೆ ನೋಡಿದ. ಅಯ್ಯೋ, ನನ್ನ ಬಾಯಿಂದ ಇದಾಯಿತಲ್ಲ ಎಂಬ ಸಂಕಟ ಅವನ ಮುಖದಲ್ಲಿತ್ತು. ಇಲ್ಲ ಕಣೋ, ಏನೂ ಆಗಿಲ್ಲ ಎಂದು ಅವನ ಕಿವಿಯಲ್ಲಿ ಹೇಳುವುದಕ್ಕೆ ಗುಲ್ವೆನ್ ಬಗ್ಗಿದ. ಬಗ್ಗಿದ ಹೊತ್ತಿಗೇ ಮೊದಲ ಜರ್ಮನ್ ಶೆಲ್ಲು ಬಂದು ಬಿತ್ತು.

ತಮ್ಮವರು ಕಳೆದುಕೊಂಡ ಕಂದಕದ ಅಳತೆ ಜರ್ಮನ್ ಫಿರಂಗಿಗಳಿಗೆ ಚೆನ್ನಾಗಿ ಗೊತ್ತಿತ್ತು. ಎರಡನೆಯದು ತಿರುವಿನಲ್ಲಿ ಬಿದ್ದು ಅಲ್ಲಿದ್ದ ಇಬ್ಬರನ್ನು ಗೋಡೆಯೊಳಕ್ಕೆ ಸೇರಿಸಿಬಿಟ್ಟಿತು. ಲೆಫ್ಟಿನೆಂಟ್ ಕೂಗಿದ.

"ಗಾಯ ಆದೋರ್ನ ಆ ನೆಲಮಾಳಿಗೆಗೆ ಇಳಿಸಿ. ಅದು ಗುಡಿಸಿ ಆಗಿದೆ. ಮೊದಲು ಇವನನ್ನ ಎತ್ಕೊಳ್ಳಿ."

ಇಬ್ಬರು ಸೈನಿಕರು ಜೋಬಿಕ್‌ನ ಕಂಕುಳಿಗೆ ಕೈಹಾಕಿದರು.

"ತಾಳಿ," ಎಂದ ಗುಲ್ವೆನ್. "ಒಂದ್ ಗಳಿಗೆ ತಾಳಿ ಸಾಹೇಬ್ರೇ. ಕಾಲಿಡೋಕೆ ಜಾಗ ಇಲ್ಲ ಅಲ್ಲಿ. ಹೆಣಗಳನ್ನ ಪಕ್ಕಕ್ಕೆ ಸರಿಸಿ ಕೂಗ್ತೀನಿ."

"ಬೇಗ ಸರಿಸು."

ಮೆಟ್ಟಿಲು ಇಳಿಯುವಷ್ಟು ಹೊತ್ತು ಅವನಿಗೆ ಸಮಯವಿತ್ತು. ಅಷ್ಟರಲ್ಲಿ ಒಂದು ನಮೋ ಮರಿಯೆ ಪ್ರಾರ್ಥನೆ ಹೇಳಬಹುದು, ನಿಧಾನವಾಗಿ ಹೇಳಿದರೂ ಮುಗಿಯುತ್ತದೆ. ಹಿಂದಿರುಗಿ ಹೋಗಿ, ಕೆಳಗೆ ಮೂವರು ಬದುಕಿದ್ದಾರೆ, ನನ್ನನ್ನು ಏನು ಬೇಕಾದರೂ ಮಾಡಿ ಎಂದು ಹೇಳಬಹುದಿತ್ತು. ಹೇಳಿದ್ದರೆ ಆ ಮೂವರು ಹೇಗೂ ಉಳಿಯುತ್ತಿರಲಿಲ್ಲ ಎನ್ನುವುದು ನಿಜ, ಅವನೂ ಗೋಡೆಗೆ ನಿಲ್ಲುತ್ತಿದ್ದ ಎನ್ನುವುದೂ ನಿಜ. ಆದರೂ ಹೇಳಬಹುದಿತ್ತು. ಅಂಥ ಒಂದು ಗಳಿಗೆಯನ್ನು ದೇವರು ಪ್ರತಿಯೊಬ್ಬನಿಗೂ ಕೊಡುತ್ತಾನೆ, ಕೆಲವರಿಗೆ ಮೆಟ್ಟಿಲ ಮೇಲೆ ಕೊಡುತ್ತಾನೆ. ಗುಲ್ವೆನ್ ಯೋಚಿಸಿದ್ದು ಜೋಬಿಕ್‌ನನ್ನು. ಅವನನ್ನು ಈ ಜರ್ಮನರ ನಡುವೆ ಮಲಗಿಸಿದರೆ ಇವರು ಅವನ ಕತ್ತು ಹಿಸುಕುತ್ತಾರೆ, ಇಲ್ಲವೇ ಹೊತ್ತು ತಂದವರು ಕಿರುಚುತ್ತಾರೆ. ತಾನು ಸಿಕ್ಕಿಬೀಳುತ್ತೇನೆ ಎಂದೂ ಯೋಚಿಸಿದ. ಎರಡರಲ್ಲಿ ಯಾವುದು ಮೊದಲು ಬಂತು ಎನ್ನುವುದನ್ನು ಬಲ್ಲವನು ದೇವರೊಬ್ಬನೇ.

ಕೆಳಗೆ ಜರ್ಮನರು ಅವನು ಹೇಳಿದಂತೆಯೇ ಕೂತಿದ್ದರು. ಅವನನ್ನು ಕಂಡು ಮುದುಕನ ಮುಖ ಅರಳಿತು. ಮಂಚದ ತುದಿಯಲ್ಲಿ ಸರಿದು ಜಾಗ ಮಾಡಿಕೊಟ್ಟು ಒಂದು ತಗಡಿನ ಬಟ್ಟಲನ್ನು ಮುಂದೆ ಹಿಡಿದ, ಕಾಫಿಯಿತ್ತು. ಗುಲ್ವೆನ್ ಕೂತು ಬಟ್ಟಲು ತೆಗೆದುಕೊಂಡ. ಒಂದು ಗುಟುಕು ಕುಡಿದ. ಎಡಗೈಯನ್ನು ಮುದುಕನ ಕಿವಿಯ ಹಿಂದೆ ಇಟ್ಟ.

"ಆಯ್ತು, ಆಯ್ತು," ಎಂದ ತನ್ನ ಊರಿನ ಮಾತಿನಲ್ಲಿ. "ಏನಿಲ್ಲ. ಎಲ್ಲಾ ಸರಿಹೋಯ್ತು. ಮಳೆ ನಿಲ್ಲುತ್ತೆ ಈಗ."

ಮಾತು ಅರ್ಥವಾಗದಿದ್ದರೂ ಮುದುಕನಿಗೆ ದನಿ ಅರ್ಥವಾಯಿತು. ಎಷ್ಟೋ ರಾತ್ರಿಗಳಿಂದ ನಿದ್ದೆ ಕಾಣದ ಅವನ ರೆಪ್ಪೆಗಳು ಇಳಿದವು. ತಲೆಯನ್ನು ಆ ಅಂಗೈಗೆ ಸ್ವಲ್ಪ ಒರಗಿಸಿದ. ಚೂರಿ ಇಳಿದಾಗ ಅವನ ಗಂಟಲಿನಿಂದ ಹೊರಟದ್ದು ಉಸಿರು ಮಾತ್ರ. ಗುಲ್ವೆನ್ ಅವನನ್ನು ತೋಳಿನ ಮೇಲೆ ಹಿಡಿದು ಗೋಡೆಗೆ ಒರಗಿಸಿ ನಿದ್ದೆ ಹೋದವನಂತೆ ಕೂರಿಸಿದ. ಮೂಲೆಯಲ್ಲಿ ಕನ್ನಡಕದವನು ಮೊಣಕಾಲಿನಲ್ಲಿ ಮುಖವಿಟ್ಟು ಕೂತಿದ್ದ. ಅವನಿಗೆ ಏನೂ ಕೇಳಿಸಿರಲಿಲ್ಲ. ಗುಲ್ವೆನ್ ಅವನ ಬಳಿ ಹೋಗಿ ಕುಕ್ಕರಿಸಿ ತಲೆ ನೇವರಿಸಿದ. ಅವನಿಗೂ ಹಾಗೆಯೇ ಆಯಿತು. ಕಷ್ಟವೇ ಆಗಲಿಲ್ಲ. ಕೈಗೆ ಕೆಲಸ ಗೊತ್ತಿತ್ತು. ಗುಲ್ವೆನ್ನನನ್ನು ಹೆದರಿಸಿದ್ದು ಅದೊಂದೇ.

ಮಂಚದ ಮೇಲಿದ್ದವನು ಎಲ್ಲವನ್ನೂ ನೋಡಿದ್ದ. ಅವನು ಕೂಗಲಿಲ್ಲ. ಗುಲ್ವೆನ್ ಹತ್ತಿರ ಬಂದಾಗ ತಾನೇ ಮುಖವನ್ನು ಗೋಡೆಗೆ ತಿರುಗಿಸಿದ.

ಜೋಬಿಕ್‌ನನ್ನು ಇಳಿಸಿ ನೆಲದ ಮೇಲೆ ಮಲಗಿಸಿ ಆ ಇಬ್ಬರು ಸೈನಿಕರು ಮೇಲಕ್ಕೆ ಓಡಿದರು. ಮತ್ತೆ ಯಾರನ್ನೂ ತರುವುದಕ್ಕಾಗಲಿಲ್ಲ, ಮೇಲೆ ಶೆಲ್ಲುಗಳು ಒಂದೇ ಸಮನೆ ಬೀಳತೊಡಗಿದ್ದವು. ಮೋಂಬತ್ತಿ ಪ್ರತಿ ಹೊಡೆತಕ್ಕೂ ಬಾಗಿ ಎದ್ದು ಬಾಗಿ ಎದ್ದು ಉರಿಯಿತು. ಜೋಬಿಕ್ ಬೆಳ್ಳಗಾಗಿದ್ದ.

"ಅರಮನೆ ಸಿಕ್ಕಿತಲ್ಲ ಭಾವ ನಮಗೆ. ಕಾಫಿ ಬೇರೆ ವಾಸನೆ ಬರ್ತಿದೆ."

ಅವನು ಏಳಲು ಕೈಯೂರಿದ. ಕೈ ಒದ್ದೆಯಾಯಿತು. ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದ, ಹೆಬ್ಬೆರಳಿನಿಂದ ಉಜ್ಜಿದ. ಎಷ್ಟೋ ಚಳಿಗಾಲ ಬಾಣಲೆ ಹಿಡಿದು ಕಲಕಿದವನು ಅವನು.

"ಭಾವ, ನೀನು ಮೇಲೆ ಬಂದು ಮೂರು ಅಂತ ಹೇಳಿ ಆಗಲೇ ಎಷ್ಟೋ ಹೊತ್ತಾಯ್ತಲ್ಲ?"

ಗುಲ್ವೆನ್ ಬಾಗಿದ ಮೋಂಬತ್ತಿಯನ್ನು ನೆಟ್ಟಗೆ ಮಾಡಿದ.

"ಇದಿನ್ನೂ ಹೆಪ್ಪೇ ಆಗಿಲ್ಲ."

"ನಿನ್ನ ಇಲ್ಲಿಗೆ ಹೊತ್ತು ತರ್ತಿದ್ರು ಕಣೋ."

ಜೋಬಿಕ್ ಮುದುಕನ ಕಡೆ ನೋಡಿದ, ಮಂಚದ ಮೇಲಿದ್ದವನ ಹೊಟ್ಟೆಯ ಕಟ್ಟನ್ನು ನೋಡಿದ. ಅದು ಗಟ್ಟಿಯಾಗಿ, ಸುಕ್ಕಿಲ್ಲದೆ, ಒಂದರ ಮೇಲೊಂದು ಪದರವಾಗಿ ಸ್ವಚ್ಛವಾಗಿ ಕೂತಿತ್ತು. ಪಕ್ಕದ ಚೀಲದಲ್ಲಿ ಹತ್ತಿ, ಬಟ್ಟೆಯ ಸುರುಳಿ, ಸೀಸೆಗಳಿದ್ದವು.

"ಈ ಮುದುಕ ವೈದ್ಯನ ಕೆಲಸದೋನು ಭಾವ," ಎಂದ ಮೆಲ್ಲಗೆ.

ಗುಲ್ವೆನ್ನನಿಗೂ ಅದು ಕಂಡದ್ದು ಆಗಷ್ಟೇ. ಜೋಬಿಕ್‌ನ ತೊಡೆಯ ಪಟ್ಟಿ ಸಡಿಲವಾಗಿ ಕಾಲೆಲ್ಲ ಕಪ್ಪಾಗಿತ್ತು. ಅವನು ಚೀಲವನ್ನು ನೆಲಕ್ಕೆ ಸುರಿದು ಸಿಕ್ಕಿದ ಬಟ್ಟೆಯನ್ನೆಲ್ಲ ಗಾಯಕ್ಕೆ ಒತ್ತಿದ. ಪಟ್ಟಿಯನ್ನು ಮೇಲೆ ಕಟ್ಟಿದ, ಕೆಳಗೆ ಕಟ್ಟಿದ, ಬಿಚ್ಚಿ ಮತ್ತೆ ಕಟ್ಟಿದ. ರಕ್ತ ಎಲ್ಲಿಂದ ಹೇಗೆ ಹೊರಡುತ್ತದೆ ಎಂಬುದನ್ನು ಅವನಷ್ಟು ಬಲ್ಲವರು ಆ ಸೇನೆಯಲ್ಲಿರಲಿಲ್ಲ. ಅದನ್ನು ನಿಲ್ಲಿಸುವ ಕೆಲಸವನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಎರಡೂ ಕೈಯಿಂದ ಒತ್ತಿ ಹಿಡಿದ. ಬೆರಳುಗಳ ಸಂದಿಯಿಂದ ಅದು ಬರುತ್ತಲೇ ಇತ್ತು.

"ಬಿಡು ಭಾವ," ಎಂದ ಜೋಬಿಕ್. ಅವನಿಗೆ ಚಳಿ ಹತ್ತಿತ್ತು. "ಒಂದ್ ಮಾತು."

"ಮಾತಾಡ್ಬೇಡ."

"ಮಾತಾಡದೆ ನಾನು ಯಾವತ್ತಿದ್ದೆ?" ಅವನು ನಗಲು ನೋಡಿದ. "ಊರಲ್ಲಿ ನಾನು ಹೇಳಲ್ಲ. ಅಕ್ಕನಿಗೂ ಹೇಳಲ್ಲ. ನೀನು ಡಿಸೆಂಬರಲ್ಲಿ ನಿನ್ನ ಕೆಲಸಕ್ಕೆ ಹೋಗು. ಉಪ್ಪು ನೋಡಿದ್ರೆ ನೋಡ್ಲಿ."

"ಆಯ್ತು."

"ನಮ್ಮನೆ ಹಂದಿ ಮಾತ್ರ..." ಎಂದ ಜೋಬಿಕ್. ಮಾತು ಅಲ್ಲಿಗೆ ನಿಂತಿತು. ಗುಲ್ವೆನ್ ಕಾದ. ಅವನ ಮುಖದ ಹತ್ತಿರ ಕಿವಿಯಿಟ್ಟು ಕಾದ. ಏನು ಹೇಳಲು ಹೊರಟಿದ್ದನೋ, ಬೇಡ ಅನ್ನುವುದಕ್ಕೋ, ಬೇರೆ ಯಾರನ್ನಾದರೂ ಕರೆಯುತ್ತೇವೆ ಅನ್ನುವುದಕ್ಕೋ, ಅದು ಹೊರಗೆ ಬರಲೇ ಇಲ್ಲ.

ಕೈಯ ಕೆಳಗೆ ರಕ್ತ ತಾನಾಗಿಯೇ ನಿಂತಿತು. ಆಗ ಗುಲ್ವೆನ್ನನ ಮನಸ್ಸಿಗೆ ಮೊದಲು ಬಂದದ್ದು ದುಃಖವಲ್ಲ. ಇನ್ನು ಇದನ್ನು ಬಲ್ಲವರು ಯಾರೂ ಇಲ್ಲ, ಯಾರಿಗೂ ತಿಳಿಯುವುದಿಲ್ಲ ಎಂಬುದು ಬಂತು. ಆ ಯೋಚನೆ ಬಂದದ್ದನ್ನು ಅವನು ಗಮನಿಸಿದ. ಗಮನಿಸಿ, ಜೋಬಿಕ್‌ನ ಎದೆಯ ಮೇಲೆ ತಲೆಯಿಟ್ಟು, ಅವನಿಗಾಗಿ ಪ್ರಾರ್ಥನೆ ಹೇಳಲು ಬಾಯಿ ತೆರೆದ. ಹುಟ್ಟಿದಾಗಿನಿಂದ ದಿನವೂ ಹೇಳಿದ್ದ ಪ್ರಾರ್ಥನೆ. ಮೊದಲ ಸಾಲು ನೆನಪಿಗೆ ಬರಲಿಲ್ಲ.

ಶೆಲ್ಲುಗಳು ನಿಂತವು. ಮೆಟ್ಟಿಲ ಮೇಲಿನಿಂದ ಲೆಫ್ಟಿನೆಂಟನ ದನಿ ಇಳಿದುಬಂತು.

"ಹಂದಿ ಕೊಯ್ಯೋನೇ, ಇದೀಯಾ? ಆಚೆ ತಿರುವಲ್ಲಿ ಇನ್ನೊಂದು ನೆಲಮಾಳಿಗೆ ಬಾಯಿ ಸಿಕ್ಕಿದೆ. ಒಳಗೆ ಜನ ಇದಾರೆ. ಬಾ ಬೇಗ."

ಗುಲ್ವೆನ್ ಎದ್ದು ಕೂತ. ಮೋಂಬತ್ತಿ ಆರಿಹೋಗಿತ್ತು. ಅವನು ಕತ್ತಲಲ್ಲಿ ನೆಲವನ್ನು ತಡವಿ ಚೂರಿಯನ್ನು ಹುಡುಕತೊಡಗಿದ.